ಸಂತೆಕಟ್ಟೆ ಹತ್ತಿರ ಹಳೇ ಹಂಚಿನ ಮನೆ ತಗೊಂಡಿದ್ದೇವೆ, ಮಳೆಗೆ ಮೊದಲು ಯಾವ ಕೆಲಸ ಹಿಡಿಯಬೇಕು?

ಹೊಳೆಬದಿ ಮನೆ
ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ಹಳೇ ಮನೆ ರಿಪೇರಿ ಮಾಡಿಸಿದವರು ಇಲ್ಲಿ ತುಂಬ ಜನ ಇದ್ದೀರಿ, ಹಾಗಾಗಿ ಧೈರ್ಯ ಮಾಡಿ ಕೇಳ್ತಿದ್ದೇನೆ. ಸ್ವಲ್ಪ ಉದ್ದ ಆದೀತು.

ಜನವರಿಯಲ್ಲಿ ನಾವೊಂದು ಮನೆ ತಗೊಂಡೆವು. ಕಲ್ಯಾಣಪುರ ಸಂತೆಕಟ್ಟೆಯಿಂದ ಸುವರ್ಣಾ ಹೊಳೆ ಬದಿಗೆ ಹೋಗುವ ದಾರಿಯಲ್ಲಿ, 11 ಸೆಂಟ್ಸ್ ಜಾಗ, ಒಂದು ಬಾವಿ, ನಾಲ್ಕು ತೆಂಗು, ಮಾಡಿನ (ಛಾವಣಿಯ) ಮೇಲೆ ವಾಲಿಕೊಂಡ ಒಂದು ಹಲಸಿನ ಮರ. ಮುಂದಿನ ಭಾಗ 1958ರದ್ದು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹಂಚಿನ ಮಾಡು, ಚಾವಡಿ, ದೇವರ ಕೋಣೆ, ಎರಡು ರೂಮು, ಮೇಲೆ ಮುಚ್ಚಿಗೆ ಹೊಡೆದ ಅಟ್ಟ. ಹಿಂದಿನ ಅಡುಗೆಮನೆ, ಬಚ್ಚಲು 1986ರಲ್ಲಿ ಕಟ್ಟಿದ್ದು, ಅದಕ್ಕೆ ಆರ್‌ಸಿಸಿ ಟೆರೇಸ್. ಮಾರಿದವರು ವಯಸ್ಸಾದ ಗಂಡ ಹೆಂಡತಿ, ಮಗನ ಹತ್ತಿರ ಬೆಂಗಳೂರಿಗೆ ಹೋದರು. ಕೀಲಿಕೈ ಕೊಡುವಾಗ ಆ ಅಮ್ಮ ಚಾವಡಿಯ ಕಂಬಕ್ಕೆ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಅದು ನನಗೆ ಮರೆಯುವುದಿಲ್ಲ.

ಜನವರಿ ಬಿಸಿಲಿಗೆ ಎಲ್ಲ ಒಣಗಿ ಚಂದ ಕಂಡಿತ್ತು. ಈಗ ಶಾಲೆ ಬಿಟ್ಟ ಮೇಲೆ ದಿನಾ ಹೋಗಿ ಕೂತು ನೋಡಿದರೆ ಒಂದೊಂದೇ ಹೊರಗೆ ಬರ್ತಾ ಉಂಟು. ಚಾವಡಿಯ ಹಿಂಬದಿ ಗೋಡೆ, ಅಂದರೆ ಹಂಚಿನ ಮಾಡೂ ಹಿಂದಿನ ಟೆರೇಸೂ ಸೇರುವ ಕಡೆ, ಮೇಲಿನಿಂದ ಸೊಂಟದ ಎತ್ತರದವರೆಗೆ ಕಪ್ಪು ಕಲೆ. ಬೆರಳಲ್ಲಿ ತಟ್ಟಿದರೆ ಗಾರೆ ಟೊಳ್ಳು ಸದ್ದು ಮಾಡ್ತದೆ. ಒಂದು ಕಡೆ ಅಂಗೈಯಗಲ ಕಳಚಿ ಕೈಗೇ ಬಂತು, ಒಳಗಿನ ಕಲ್ಲು ಉಗುರಲ್ಲಿ ಕೆರೆದರೆ ಉದುರ್ತದೆ. ದೇವರ ಕೋಣೆಯ ದಾರಂದದಲ್ಲಿ (ಬಾಗಿಲ ಚೌಕಟ್ಟಿನಲ್ಲಿ) ಒರಲೆ, ಅಂದರೆ ಗೆದ್ದಲಿನ, ಮಣ್ಣಿನ ಗೆರೆ ನೆಲದಿಂದ ಮೇಲಿನವರೆಗೆ ಹೋಗಿದೆ. ಸ್ವಿಚ್ಚುಗಳೆಲ್ಲ ಮರದ ಹಲಗೆ ಮೇಲಿನ ಕಪ್ಪು ಗುಂಡಿಯವು, ಮಿಕ್ಸಿ ಹಾಕಿದರೆ ಚಾವಡಿಯ ಬಲ್ಬು ಮಿಣುಕುತ್ತದೆ. ಹಿಂದಿನ ಸಜ್ಜಾದ ಅಡಿಯಲ್ಲಿ ಸಿಮೆಂಟು ಬಿದ್ದು ತುಕ್ಕು ಹಿಡಿದ ಸರಳು ಕಾಣ್ತದೆ. ಬಚ್ಚಲಿನ ನೆಲ ಜಾರ್ತದೆ, ನಮ್ಮ ಅತ್ತೆಗೆ 74.

ಬ್ಯಾಂಕ್ ಸಾಲ, ರಿಜಿಸ್ಟ್ರೇಶನ್ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು 6 ಲಕ್ಷ. ನಮ್ಮವರು ಕತಾರ್‌ನಲ್ಲಿದ್ದಾರೆ, ಮೇ ಕೊನೆಗೆ ಊರಿಗೆ ಬರ್ತಾರೆ. ಅಷ್ಟರಲ್ಲಿ ಅಡುಗೆಮನೆ ಮಾಡ್ಯುಲರ್ ಮಾಡಿಸಿ ಅಂತ ಅವರ ಆಸೆ, ಅತ್ತೆ ಇಷ್ಟು ವರ್ಷ ಬಾಡಿಗೆ ಮನೆಯ ಕತ್ತಲೆ ಮೂಲೆಯಲ್ಲೇ ಅಡುಗೆ ಮಾಡಿದವರು. ನೋಡಲಿಕ್ಕೆ ಬಂದ ಕಂಟ್ರಾಕ್ಟರ್ ಒಬ್ಬರು, ಹಂಚು ಪೂರಾ ತೆಗೆದು ಕಬ್ಬಿಣದ ಟ್ರಸ್ಸಿಗೆ ಶೀಟ್ ಹಾಕುವ, ಚಾವಡಿಯ ಕೆಂಪು ನೆಲ ಒಡೆದು ವಿಟ್ರಿಫೈಡ್ ಟೈಲ್ಸ್ ಹಾಕುವ, ಎರಡು ತಿಂಗಳಲ್ಲಿ ಹೊಸ ಮನೆ ಮಾಡಿ ಕೊಡ್ತೇನೆ ಅಂದರು. ನನಗೆ ಆ ಮಾಡೇ ಬೇಕು. ಆದರೆ ಮನಸ್ಸಿಗೆ ಹಿಡಿಸಿತು ಅಂತ ತಲೆ ಮೇಲೆ ಅಪಾಯ ಇಟ್ಟುಕೊಳ್ಳಲಿಕ್ಕೂ ಆಗುವುದಿಲ್ಲವಲ್ಲ.

ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಮಳೆಗಾಲ ಹತ್ತಿರ ಬರುವ ದಿನಕ್ಕೆ, ಇನ್ನು ಹನ್ನೊಂದು ವಾರವೂ ಇಲ್ಲ. ಯಾವುದಕ್ಕೆ ಮೊದಲು ಕೈ ಹಾಕಬೇಕು? ಯಾವುದು ಒಂದು ವರ್ಷ ಕಾಯ್ತದೆ?

ಬಾರ್ಕೂರಿನವ
ಮಾರ್ಚ್ 9

ಮಾಡಿಗೇ ಮೊದಲು ಕೈ ಹಾಕಿ, ಆದರೆ ತೆಗೆಯಬೇಡಿ. ನಾವು ತೆಗೆದು ಶೀಟ್ ಹಾಕಿದವರು. ಏಪ್ರಿಲ್ ಮಧ್ಯಾಹ್ನ ಚಾವಡಿಯಲ್ಲಿ ಕೂರಲಿಕ್ಕಾಗುವುದಿಲ್ಲ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ನಿಮ್ಮದು ಹೊಳೆಬದಿ, ಉಪ್ಪುಗಾಳಿ ಬೇರೆ. ಸ್ಕ್ರೂ ಹೊಡೆದ ತೂತಿನ ಸುತ್ತವೇ ತುಕ್ಕು ಶುರು ಆಗ್ತದೆ. ಹಂಚು ಒಡೆದರೆ ಒಂದು ಹಂಚು ಬದಲಿಸಿದರಾಯ್ತು, ಶೀಟು ತೂತಾದರೆ ಇಡೀ ಶೀಟು.

ಹಲಸಿನ ಗೆಲ್ಲು ಈ ವಾರವೇ ಕಡಿಸಿ. ಎಲೆ ಬಿದ್ದು ಹಂಚಿನ ಕಾಲುವೆ ಕಟ್ಟಿದರೆ ನೀರು ಹಂಚಿನ ಅಡಿಗೆ ನುಗ್ಗುತ್ತದೆ, ಹಣ್ಣು ಬಿದ್ದರಂತೂ ಕೇಳುವುದೇ ಬೇಡ.

ಕಾಪು ಪಡು
ಮಾರ್ಚ್ 10

ನಿಮ್ಮದು ಓದಿ ಸುಮ್ಮನೆ ಇರಲಿಕ್ಕಾಗಲಿಲ್ಲ. 2016ರಲ್ಲಿ ನಾವು ಕಾಪುವಿನಲ್ಲಿ ಇಂಥದ್ದೇ ಮನೆ ತಗೊಂಡು ಮೊದಲು ಮಾಡಿಸಿದ್ದೇ ಅಡುಗೆಮನೆ. ಜುಲೈ ಮಧ್ಯದಲ್ಲಿ ಒಂದು ದಿನ ನನ್ನ ಹೆಂಡತಿ ಮೇಲಿನ ಕಪಾಟು ತೆಗೆದರೆ ಹಿಂದಿನ ಹಲಗೆ ಉಬ್ಬಿ ಮುಂದಕ್ಕೆ ಬಂದಿತ್ತು, ಅಕ್ಕಿ ಡಬ್ಬದ ಹಿಂದೆಲ್ಲ ಬಿಳಿ ಬೂಸ್ಟು. ಗೋಡೆ ಕುಡಿದ ನೀರಿಗೆ ಹೊರಗೆ ಹೋಗಲಿಕ್ಕೆ ದಾರಿ ಇರಲಿಲ್ಲ, ಕಪಾಟಿಗೆ ಬಂತು. ಡಿಸೆಂಬರ್‌ನಲ್ಲಿ ಅಷ್ಟನ್ನೂ ಬಿಚ್ಚಿ ಅಂಗಳಕ್ಕೆ ಹಾಕಿದೆವು. ಆ ದಿನ ಅವಳು ಮಾತೇ ಆಡಲಿಲ್ಲ. ಹಾಗಾಗಿ ನಿಮ್ಮ ಯಜಮಾನರಿಗೆ ನನ್ನ ಈ ಮಾತು ತೋರಿಸಿ, ಅಡುಗೆಮನೆ ಒಂದು ಮಳೆಗಾಲ ಕಾಯಲಿ.

ನಮ್ಮ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡು 1,000 ಚದರ ಅಡಿ ಅಂತ ಹಿಡಿದರೂ ಅದರ ಮೇಲೆ ಬೀಳುವ ನೀರು ಮೂರೂವರೆ ಲಕ್ಷ ಲೀಟರಿಗಿಂತ ಜಾಸ್ತಿ. ಅಷ್ಟೂ ನೀರು ಎಲ್ಲಿ ಬಿದ್ದು, ಎಲ್ಲಿ ಹರಿದು, ಎಲ್ಲಿ ನಿಲ್ತದೆ ಅಂತ ನೋಡ್ತಾ ಹೋಗಿ. ಕೆಲಸದ ಸಾಲೂ ಅದೇ. ನೆತ್ತಿಯಿಂದ ನೆಲಕ್ಕೆ.

ನಿಮ್ಮ ಕಪ್ಪು ಕಲೆ ಇರುವ ಜಾಗ ಕೇಳಿಯೇ ನನಗೆ ಅಂದಾಜಾಯ್ತು. 1958ರ ಮಾಡು ಮರದ್ದು, ಬಿಸಿಲಿಗೆ ಮಳೆಗೆ ಅದು ಸ್ವಲ್ಪ ಆಡ್ತದೆ. 1986ರ ಟೆರೇಸು ಕಾಂಕ್ರೀಟು, ಅದು ಮರದ ಹಾಗೆ ಆಡುವುದಿಲ್ಲ. ಎರಡರ ನಡುವೆ ಸಿಮೆಂಟು ಮೆತ್ತಿರ್ತಾರೆ, ಅದು ಬಿರುಕು ಬಿಡದೆ ಇರಲಿಕ್ಕೆ ಸಾಧ್ಯವೇ ಇಲ್ಲ. ಹಂಚಿನ ಮೇಲಿನ ನೀರೆಲ್ಲ ಇಳಿದು ಬರುವುದೂ ಅಲ್ಲಿಗೇ. ಅಲ್ಲಿ ಇನ್ನೊಂದು ಸಲ ಸಿಮೆಂಟು ಮೆತ್ತಿಸಬೇಡಿ, ವಾಟರ್‌ಪ್ರೂಫ್ ಪೇಂಟೂ ಬೇಡ. ಕೆಳಗಿನ ಎರಡು ಸಾಲು ಹಂಚು ತೆಗೆಸಿ, ಅಗಲದ ತಗಡು ಹಂಚಿನ ಅಡಿಗೆ ಒಂದು ಮೊಳವಾದರೂ ಹೋಗುವ ಹಾಗೆ ಕೂರಿಸಿ, ನೀರು ಒಂದು ಬದಿಗೆ ಇಳಿದು ಹೋಗಲಿಕ್ಕೆ ವಾಟ (ಇಳಿಜಾರು) ಕೊಡಿಸಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಒಳ್ಳೆಯದು. ಅಲ್ಯೂಮಿನಿಯಂ ಒದ್ದೆ ಸಿಮೆಂಟಿಗೆ ತಾಗಿಕೊಂಡಿದ್ದರೆ ತಿಂದು ಹೋಗ್ತದೆ.

ಹಂಚು ಇಳಿಸಿದಾಗ ಮರ ನೋಡಿ. ಪಕ್ಕಾಸು, ಅಂದರೆ ಹಂಚು ಹೊರುವ ಇಳಿಜಾರಿನ ಮರದ ತೊಲೆ, ನಡುವೆ ಎಷ್ಟು ಚಂದ ಇದ್ದರೂ ಗೋಡೆ ಮೇಲೆ ಕೂರುವ ತುದಿಯಲ್ಲಿ ಕುಂಬಾಗಿರ್ತದೆ (ಕೊಳೆತು ಮೆತ್ತಗಾಗಿರ್ತದೆ). ಮೊನೆ ಇರುವ ಸ್ಕ್ರೂಡ್ರೈವರ್ ತಗೊಂಡು ಒಂದೊಂದು ತುದಿಗೂ ಒತ್ತಿ. ಒಳ್ಳೆ ಮರ ಆದರೆ ಮೊನೆ ಕಾಲು ಇಂಚೂ ಹೋಗುವುದಿಲ್ಲ. ಆ ಕಾಲದ ಮನೆ, ಕಿರಾಲ್‌ಬೋಗಿಯಂಥ ಗಟ್ಟಿ ಕಾಡುಮರವೋ ಹಲಸೋ ಆಗಿದ್ದರೆ ನಿಮ್ಮ ಪುಣ್ಯ. ಹಾಳಾದ ತುದಿ ಮಾತ್ರ ಕತ್ತರಿಸಿ ಹೊಸ ತುಂಡು ಜೋಡಿಸಿ ಬೋಲ್ಟ್ ಹಾಕುವ ಆಚಾರಿಗಳು ಈಗಲೂ ಇದ್ದಾರೆ, ಇಡೀ ಪಕ್ಕಾಸು ಬದಲಿಸಬೇಕು ಅಂತ ಇಲ್ಲ. ಮರ ಬಯಲಾಗಿರುವಾಗಲೇ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹೊಡೆಸಿಬಿಡಿ, ಹಂಚು ಹೊದಿಸಿದ ಮೇಲೆ ಆ ತುದಿಗಳಿಗೆ ಬ್ರಷ್ ಮುಟ್ಟುವುದಿಲ್ಲ.

ಹಂಚಿನ ಅಡಿಯಲ್ಲಿ ಅಚ್ಚಿನ ಹೆಸರು ಇರ್ತದೆ, ಅದನ್ನು ಬರೆದಿಟ್ಟುಕೊಳ್ಳಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿ ಉದ್ದಕ್ಕೂ ಕಾರ್ಖಾನೆಗಳಾದವು, ಒಬ್ಬೊಬ್ಬರ ಅಚ್ಚು ಒಂದೊಂದು ತರ. ನೋಡಲಿಕ್ಕೆ ಒಂದೇ, ಆದರೆ ಒಂದರ ತುಟಿ ಇನ್ನೊಂದರ ಕಾಲುವೆಗೆ ಸರಿಯಾಗಿ ಕೂರುವುದಿಲ್ಲ, ಸೋರುವುದು ಅಲ್ಲೇ. ಒಡೆದವುಗಳ ಬದಲಿಗೆ ಹೊಸ ಹಂಚು ತರುವ ಮೊದಲು ಹಳೇ ಮನೆ ಕೆಡವುವ ಕಡೆ ಅದೇ ಹೆಸರಿನದ್ದು ಸಿಗ್ತದಾ ವಿಚಾರಿಸಿ.

ಆಮೇಲೆ ನೆಲ. ಮಾಡಂಚಿನ ನೀರು ಅಂಗಳಕ್ಕೆ ಬಿದ್ದು ಗೋಡೆಗೆ ಎರಚುತ್ತದೆ. ಗೋಡೆಯ ಬುಡದಲ್ಲಿ ಹೊರಗಿನಿಂದ ಗಾರೆ ಹೋಗಿದೆಯಾ ನೋಡಿ. ಸುತ್ತ ಎರಡೂವರೆ ಮೂರು ಅಡಿ ಅಗಲಕ್ಕೆ ಹೊರಗೆ ಇಳಿಜಾರಿನ ಸಿಮೆಂಟು, ಅದರಾಚೆ ಚರಂಡಿ, ಅಷ್ಟು ಸಾಕು. ಹಳಬರು ಅಂಗಳಕ್ಕೆ ವರ್ಷ ವರ್ಷ ಮಣ್ಣು ಹಾಕಿಸಿ ಮನೆಯ ಪಂಚಾಂಗವೇ (ಅಡಿಪಾಯದ ಕಟ್ಟೆಯೇ) ಹೂತು ಹೋಗಿದ್ದರೆ ಆ ಮಣ್ಣು ತೆಗೆಸಿ.

ಒಳಗಿನ ಗಾರೆ ಈಗ ಬೇಡ. ಟೊಳ್ಳಾದದ್ದನ್ನು ಉದುರಿಸಿ ಹಾಗೇ ಬಿಡಿ. ಮುರಕಲ್ಲು ನೀರು ಕುಡಿದದ್ದು ನಿಧಾನಕ್ಕೆ ಬಿಡಬೇಕು. ಒದ್ದೆ ಕಲ್ಲಿಗೆ ಸಿಮೆಂಟು ಬಳಿದರೆ ಅದು ಮತ್ತೆ ಕಳಚುತ್ತದೆ. ಮುಂದಿನ ಬೇಸಗೆಯಲ್ಲಿ, ಸಾಧ್ಯವಾದರೆ ಸುಣ್ಣದ ಗಾರೆ ಮಾಡಿಸಿ, ಹಿಂದೆ ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣದಲ್ಲೇ ಈ ಗೋಡೆಗಳನ್ನು ಮಾಡ್ತಿದ್ದದ್ದು. ಅಷ್ಟರವರೆಗೆ ಆ ಗೋಡೆ ಕಣ್ಣಿಗೆ ಚಂದ ಕಾಣುವುದಿಲ್ಲ, ನೀವು ಸಹಿಸಬೇಕು.

ಮಣಿಪಾಲ ವಯರಿಂಗ್
ಮಾರ್ಚ್ 10

ಅಕ್ಕ, ಕಾಪುವಿನ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಕರೆಂಟಿನ ಸುದ್ದಿಯೇ ಎತ್ತಲಿಲ್ಲ. ಮಾಡು ಸೋರಿದರೆ ಬಾಲ್ದಿ ಇಡಬಹುದು. ಒದ್ದೆ ಗೋಡೆಯಲ್ಲಿ 60 ವರ್ಷದ ವಯರಿದ್ದರೆ ಎಂತ ಇಡ್ತೀರಿ? ನಾನು ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು. ಸ್ವಿಚ್ ಹಲಗೆ ಬಿಚ್ಚುವಾಗ ವಯರಿನ ರಬ್ಬರು ಬೆರಳು ತಾಗಿದರೆ ಪುಡಿ ಪುಡಿ ಆಗಿ ಬೀಳುವುದನ್ನು ಎಷ್ಟು ಮನೆಯಲ್ಲಿ ನೋಡಿದ್ದೇನೋ.

ಪೂರ್ತಿ ವಯರಿಂಗ್ ಈ ವರ್ಷ ಆಗದಿದ್ದರೂ ಎರಡು ಕೆಲಸ ನೀವು ಒಂದು ರಾತ್ರಿ ಅಲ್ಲಿ ಮಲಗುವ ಮೊದಲು ಆಗಬೇಕು. ಮೇನ್ ಹತ್ತಿರ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು), ಮತ್ತೆ ಸರಿಯಾದ ಅರ್ಥಿಂಗ್. ನಮ್ಮ ಮುರಕಲ್ಲು ಮಣ್ಣು ಬೇಸಗೆಯಲ್ಲಿ ಒಣಗಿ ಅರ್ಥ್ ಹಿಡಿಯುವುದಿಲ್ಲ, ಗುಂಡಿ ಆಳ ಇರಬೇಕು, ಏಪ್ರಿಲ್ ಮೇಯಲ್ಲಿ ಆಗಾಗ ನೀರು ಹಾಕಬೇಕು. ಅದೇ ತಿಂಗಳಲ್ಲಿ ಸಿಡಿಲೂ ಜೋರು. ಆರ್‌ಸಿಸಿಬಿ ಹಾಕಿದ ಮೇಲೆ ಅದರ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಅದು ಹಾಳಾಗಿದೆ ಅಂತ.

ಮಿಕ್ಸಿಗೆ ಬಲ್ಬು ಮಿಣುಕುವುದು ಎಲ್ಲೋ ಜಾಯಿಂಟ್ ಸಡಿಲ ಆದದ್ದು ಅಥವಾ ವಯರ್ ಸಪೂರ ಇರುವುದು. ಸಡಿಲ ಜಾಯಿಂಟ್ ಬಿಸಿ ಆಗ್ತದೆ, ಅದು ಮರದ ಹಲಗೆ ಮೇಲೆ ಇರುವಂಥದ್ದು. ಹೊಸತಾಗಿ ಎಳೆಸುವಾಗ ತಾಮ್ರದ್ದೇ, ಲೈಟು ಫ್ಯಾನಿಗೆ 1.5, ದೊಡ್ಡ ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್. ಹಂಚು ಇಳಿಸಿದಾಗ ಅಟ್ಟದ ಮೇಲಿನ ಪೈಪ್ ಎಳೆದುಬಿಟ್ಟರೆ ಗೋಡೆ ಕೊರೆಯುವ ಕೆಲಸ ಅರ್ಧ ಉಳಿತದೆ. ಹಾಗಾಗಿ ಆಚಾರಿಯನ್ನೂ ವಯರಿಂಗಿನವರನ್ನೂ ಒಟ್ಟಿಗೇ ಕರೆಸಿ ಮಾತಾಡಿ. ಲೈಸೆನ್ಸ್ ಇದ್ದವರನ್ನೇ ಹಿಡಿಯಿರಿ, ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ಲೋಡ್ ಜಾಸ್ತಿ ಮಾಡಿಸಲಿಕ್ಕೂ ಅವರ ರಿಪೋರ್ಟೇ ಬೇಕಾಗುವುದು.

ಕಿನ್ನಿಮೂಲ್ಕಿ ಅಕ್ಕ
ಮಾರ್ಚ್ 11

ಎಲ್ಲರೂ ಮನೆಯದ್ದೇ ಹೇಳಿದಿರಿ. 74ರ ಅತ್ತೆ ಅಂತ ಓದಿದ ಮೇಲೆ ನನಗೆ ಮೊದಲು ಕಂಡದ್ದು ಬಚ್ಚಲು. ನನ್ನ ಅಮ್ಮ ಬಿದ್ದದ್ದು ಬಚ್ಚಲಿನ ಹೊಸ್ತಿಲಲ್ಲಿ, ಆಮೇಲೆ ಒಂದು ವರ್ಷ ಹಾಸಿಗೆ. ಗೋಡೆಗೆ ಎರಡು ಸ್ಟೀಲ್ ಹಿಡಿಕೆ, ದೊರಗು ಟೈಲ್ಸ್, ರಾತ್ರಿ ಉರಿಯುವ ಸಣ್ಣ ಲೈಟು. ನಾಲ್ಕೈದು ದಿನದ ಕೆಲಸ. ಇದಕ್ಕೆ ಮಳೆಯೂ ಬೇಡ ಬೇಸಗೆಯೂ ಬೇಡ, ಅತ್ತೆ ಆ ಮನೆಗೆ ಬರುವ ಮೊದಲು ಆಗಲಿ.

ಬಾವಿಗೂ ಕಕ್ಕಸು ಗುಂಡಿಗೂ ಎಷ್ಟು ದೂರ ಅಂತ ಅಳೆದಿರಾ? 15 ಮೀಟರ್ ಆದರೂ ಬೇಕು. ಮುರಕಲ್ಲಿನಲ್ಲಿ ನೀರು ಬೇಗ ಹರಿತದೆ, ಮಳೆಗಾಲದಲ್ಲಿ ಬಾವಿಯೂ ಗುಂಡಿಯೂ ಒಟ್ಟಿಗೇ ತುಂಬುತ್ತವೆ. ನೀರು ಒಮ್ಮೆ ಟೆಸ್ಟ್ ಮಾಡಿಸಿ. ಬಾವಿ ಕೆಸರು ತೆಗೆಸಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವುದು 1,000 ಲೀಟರಿಗೆ 2.5 ಗ್ರಾಂ ಲೆಕ್ಕ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 24 ಗ್ರಾಂ ಆಯ್ತು, ರಾತ್ರಿ ಹಾಕಿ ಬೆಳಗ್ಗೆ ಸೇದಿ. ಒರಲೆಗೆ ಮದ್ದು ಹೊಡೆಯುವವರಿಗೂ ಬಾವಿ ಎಲ್ಲಿ ಅಂತ ಮೊದಲೇ ತೋರಿಸಿ. ನೆಲ ಗೋಡೆ ಸೇರುವಲ್ಲಿ ಅಡಿಗೊಂದು ತೂತು ಕೊರೆದು ಮದ್ದು ತುಂಬಿಸ್ತಾರೆ, ಬಾವಿ ಬದಿಯ ಗೋಡೆಗೆ ಅದು ಬೇಡವೇ ಬೇಡ.

ಕೆಂಪು ನೆಲ ಒಡೆಯಬೇಡಿ ಮಾರಾಯ್ರೆ. ಒಮ್ಮೆ ಹೋದರೆ ಅಂಥ ನೆಲ ಮಾಡುವವರು ಈಗ ಸಿಗುವುದು ಕಷ್ಟ. ಬಿರುಕಿಗೆ ರೆಡ್ ಆಕ್ಸೈಡ್ ಬೆರೆಸಿದ ಸಿಮೆಂಟು ತುಂಬಿಸಿ, ತೆಂಗಿನೆಣ್ಣೆ ಬಟ್ಟೆಯಲ್ಲಿ ಉಜ್ಜುತ್ತಾ ಬನ್ನಿ.

ಹೊಳೆಬದಿ ಮನೆ
ಏಪ್ರಿಲ್ 6

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಮ್ಮವರಿಗೆ ಈ ಪುಟವನ್ನೇ ಕಳಿಸಿದೆ. ಕಾಪುವಿನವರು ಬರೆದ ಅಕ್ಕಿ ಡಬ್ಬದ ಮಾತು ಓದಿ, ಅಡುಗೆಮನೆ ನಿಲ್ಲಿಸುವ ಅಂತ ಅವರೇ ಹೇಳಿದರು.

ಹಲಸಿನ ಗೆಲ್ಲು ಕಡಿದಾಯ್ತು. ಕಳೆದ ಸೋಮವಾರ ಹಂಚು ಇಳಿಸಿದರು. ಟೆರೇಸ್ ಸೇರುವ ಕಡೆ ಎರಡು ಸಾಲು ಅಂತ ಶುರು ಮಾಡಿದ್ದು, ಆಚಾರಿ ನೋಡಿ ಹಿಂಬದಿಯ ಇಳಿಜಾರು ಪೂರಾ ತೆಗೆಯುವ ಅಂದರು. ನಾನೂ ಏಣಿ ಹತ್ತಿದೆ. ಒಟ್ಟು 22 ಪಕ್ಕಾಸು. ಒಂದೊಂದಕ್ಕೂ ಸ್ಕ್ರೂಡ್ರೈವರ್ ಒತ್ತಿ ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಹೋದೆವು. ಹದಿನಾರು ಗಟ್ಟಿ, ಮೊನೆ ಹೋಗಲೇ ಇಲ್ಲ. ಐದರಲ್ಲಿ ತುದಿ ಮೆತ್ತಗೆ. ಒಂದರಲ್ಲಿ ಮಾತ್ರ ಸ್ಕ್ರೂಡ್ರೈವರ್ ಹಿಡಿಯವರೆಗೆ ಇಳಿಯಿತು, ಹೊರಗೆ ಎಳೆದರೆ ಚಾ ಹುಡಿಯ ಹಾಗೆ ಮರ ಉದುರಿತು. ಆ ಪಕ್ಕಾಸು ಕೂತಿದ್ದ ಗೋಡೆಯ ತಲೆಯಲ್ಲಿ ಹಿಡಿಯಷ್ಟು ಒದ್ದೆ ಮಣ್ಣು, ಅದರಲ್ಲಿ ಜರಿಗಿಡ ಬೆಳೆದಿತ್ತು. ಏಪ್ರಿಲ್ ತಿಂಗಳಲ್ಲಿ! ಸರಿಯಾಗಿ ಅದರ ಕೆಳಗೇ ಚಾವಡಿಯ ಕಪ್ಪು ಕಲೆ.

ಮರ ಕಿರಾಲ್‌ಬೋಗಿ ಅಂತ ಆಚಾರಿ ಹೇಳಿದರು, ಹೇಳುವಾಗ ಅವರ ಮುಖವೇ ಅರಳಿತು. ಅವರ ತಂದೆಯೂ ಈ ಬದಿಯ ಮನೆಗಳಿಗೆ ಮಾಡು ಕಟ್ಟಿದವರಂತೆ. ಒಂದು ಪಕ್ಕಾಸು ಬದಲು, ಐದಕ್ಕೆ ತುದಿ ಜೋಡಣೆ. ವಯರಿಂಗಿನವರು ಅದೇ ದಿನ ಅಟ್ಟದ ಮೇಲೆ ಪೈಪ್ ಹಾಕಿದರು, ಆರ್‌ಸಿಸಿಬಿಯೂ ಅರ್ಥ್ ಗುಂಡಿಯೂ ಆಯ್ತು. ಸ್ವಿಚ್ ಹಲಗೆ ಬಿಚ್ಚಿದಾಗ ಹಿಂದೆ ಮರ ಒಂದು ಕಡೆ ಕರಟಿತ್ತು, ನೋಡಿ ಕೈ ತಣ್ಣಗಾಯ್ತು. ಬಚ್ಚಲಿಗೆ ಹಿಡಿಕೆ ಹಾಕಿದ್ದೇವೆ.

ಬಾವಿಗೂ ಗುಂಡಿಗೂ ದೂರ ಅಳೆದರೆ 9 ಮೀಟರ್ ಮಾತ್ರ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಹೊಸ ಗುಂಡಿ ಜಾಗದ ಇನ್ನೊಂದು ತುದಿಗೆ ಹಾಕಿಸುವ ಅಂತ ಆಗಿದೆ. ಅದಕ್ಕೆ ಹಣ ಬೇಕಲ್ಲ, ಹಾಗಾಗಿ ಒಳಗಿನ ಪೇಂಟಿಂಗ್ ಬಿಟ್ಟೆವು. ಸಜ್ಜಾದ ವಿಷಯ ಯಾರೂ ಹೇಳಲಿಲ್ಲ, ಅದು ಕಾಯ್ತದಾ?

ಕಾಪು ಪಡು
ಏಪ್ರಿಲ್ 6

ಸಜ್ಜಾ ಕಾಯುವುದಿಲ್ಲ, ನಾನೇ ಹೇಳಬೇಕಿತ್ತು, ಬಿಟ್ಟುಹೋಯ್ತು. ಸರಳು ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದ ಹಾಗೆ ಸುತ್ತಲಿನ ಕಾಂಕ್ರೀಟನ್ನು ತಳ್ಳುತ್ತದೆ. ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ ಟೊಳ್ಳಿರುವಷ್ಟೂ ಬೀಳಿಸಿ, ಸರಳನ್ನು ತಂತಿ ಬ್ರಷ್ಷಿನಲ್ಲಿ ಹೊಳೆಯುವವರೆಗೆ ಉಜ್ಜಿಸಿ, ತುಕ್ಕಿನ ಮದ್ದು ಬಳಿದು, ಪಾಲಿಮರ್ ಬೆರೆಸಿದ ಗಾರೆ ಹಾಕಿಸಿ. ಸರಳು ಅರ್ಧಕ್ಕಿಂತ ಸಪೂರ ಆಗಿದ್ದರೆ ಗಾರೆಯಲ್ಲಿ ಮುಚ್ಚುವುದು ಬೇಡ, ಎಂಜಿನಿಯರಿಗೆ ತೋರಿಸಿ. ಅದು ಆಗುವವರೆಗೆ ಅತ್ತೆಯವರು ಬಟ್ಟೆ ಒಣಗಿಸಲಿಕ್ಕೆ ಅದರಡಿಗೆ ಹೋಗುವುದು ಬೇಡ.

ಜರಿಗಿಡ ಇದ್ದಲ್ಲಿ ಗೋಡೆಯ ತಲೆ ಒಂದೆರಡು ಕಲ್ಲು ಹೊಸತು ಕೂರಿಸಿ, ಕುಂಬಾದ ಕಲ್ಲಿನ ಮೇಲೆ ಹೊಸ ತುದಿ ಇಡಬೇಡಿ.

ಹೊಳೆಬದಿ ಮನೆ
ಜೂನ್ 8

ಮೂರು ದಿನದಿಂದ ಬಿಡದೆ ಹೊಯ್ತಾ ಉಂಟು. ಮೊದಲ ರಾತ್ರಿ ನಾನೂ ಅತ್ತೆಯೂ ಟಾರ್ಚ್ ಹಿಡಿದು ಚಾವಡಿಯಲ್ಲೇ ಕೂತಿದ್ದೆವು. ಹಿಂಬದಿ ಗೋಡೆಗೆ ಗಾರೆ ಇಲ್ಲ, ಬರಿ ಕಲ್ಲು. ಬೆಳಗ್ಗೆ ಅಂಗೈ ಇಟ್ಟು ನೋಡಿದೆ, ಒಣಗಿಯೇ ಉಂಟು. ತಗಡಿನ ಮೇಲೆ ನೀರು ಇಳಿಯುವ ಸದ್ದು ಒಳಗೆ ಕೇಳ್ತದೆ, ಒಳಗೆ ಬರುವುದಿಲ್ಲ. ಸಜ್ಜಾದ ಸರಳು ಅಷ್ಟು ಸಪೂರ ಆಗಿರಲಿಲ್ಲ, ಕಾಪುವಿನವರು ಹೇಳಿದ ಹಾಗೇ ಮಾಡಿಸಿದೆವು.

ಸೋರಿದ್ದು ಒಂದೇ ಕಡೆ, ದೇವರ ಕೋಣೆಯ ಮೂಲೆಯಲ್ಲಿ. ಅಲ್ಲಿ ಬೇರೆ ಅಚ್ಚಿನ ಹಂಚು ಎಂಟು ಹಾಕಿದ್ದೆವು, ನಮ್ಮ ಹಳೇ ಅಚ್ಚಿನದ್ದು ಅಷ್ಟು ಕಡಿಮೆ ಬಿದ್ದಿತ್ತು. ಆ ಕಾರ್ಖಾನೆ ಈಗ ಇಲ್ಲವಂತೆ. ಹಂಚಿನ ಎರಡೂ ಬದಿಯ ಫೋಟೋ ಹಾಕ್ತೇನೆ. ಕುಂದಾಪುರದಿಂದ ಮಂಗಳೂರಿನವರೆಗೆ ಎಲ್ಲಾದರೂ ಹಳೇ ಮನೆ ಬಿಚ್ಚುವಾಗ ಈ ಅಚ್ಚಿನ ಎಂಟೋ ಹತ್ತೋ ಹಂಚು ಕಂಡರೆ ದಯವಿಟ್ಟು ಒಂದು ಮಾತು ತಿಳಿಸಿ, ನಾನೇ ರಿಕ್ಷಾ ಮಾಡಿಕೊಂಡು ಬಂದು ತಗೊಂಡು ಹೋಗ್ತೇನೆ.